ಮೂರು ಹೆಜ್ಜೆಯಲ್ಲಿ ಮೈಸೂರು

ಮೈಸೂರು ಆತುರವನ್ನರಿಯದ ಊರೆಂಬುದು ಬಹುಕಾಲದ ಪ್ರತೀತಿ. ವಿಶ್ರಾಂತ ನೌಕರರ ಸ್ವರ್ಗವೆಂದು ಅದನ್ನು ಕರೆದವರು ಮೆಚ್ಚಿ ಕರೆದರೋ ಛೇಡಿಸಿ ಕರೆದರೋ ಹೇಳುವುದು ಕಷ್ಟ. ಆದರೆ ಬೆಳಗಿನ ಐದೂವರೆ ಗಂಟೆಗೆ ಲಲಿತಮಹಲ್ ಅರಮನೆಯ ಕಡೆಯ ರಸ್ತೆಯಲ್ಲಿ ನಿಂತು ನೋಡಿದವರಿಗೆ ಆ ಪ್ರತೀತಿಯ ಮೇಲೆ ಸಂದೇಹ ಹುಟ್ಟದಿರದು. ಚಾಮುಂಡಿಬೆಟ್ಟದ ಸೊಂಟಕ್ಕೆ ಸುತ್ತಿಕೊಂಡ ಮಂಜು ಇನ್ನೂ ಬಿಚ್ಚಿರುವುದಿಲ್ಲ. ಅಷ್ಟರಲ್ಲಿಯೇ ತೆಳುಗಾಲಿಯ ಸೈಕಲ್ಲುಗಳು, ಹಿಂಬದಿಯಲ್ಲಿ ಕೆಂಪು ದೀಪವನ್ನು ಮಿನುಗಿಸುತ್ತ, ಒಂದರ ಹಿಂದೊಂದು ಬೆಟ್ಟದ ಕಡೆಗೆ ಸಾಗುತ್ತವೆ. ಅದೇ ಹೊತ್ತಿಗೆ ಊರಿನ ಇನ್ನೊಂದು ಬದಿಯಲ್ಲಿ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ನಡೆಯುವವರ ನಡುವೆ ದಾರಿ ಮಾಡಿಕೊಂಡು ಓಡುವವರ ಉಸಿರಿನ ಸದ್ದು ಕೇಳುತ್ತದೆ. ಸರಸ್ವತೀಪುರದ ಈಜುಕೊಳದಲ್ಲಿ ನೀರನ್ನು ಬಡಿಯುವ ಸದ್ದು ಮೂರನೆಯದು. ಈ ಮೂರು ಸದ್ದುಗಳನ್ನೂ ಒಂದೇ ಬೆಳಗಿನಲ್ಲಿ, ಒಂದೇ ದೇಹದಿಂದ, ನಡುವೆ ವಿರಾಮವಿಲ್ಲದೆ ಹೊರಡಿಸುವ ಸಾಹಸಕ್ಕೆ ಟ್ರಯತ್ಲಾನ್ ಎಂದು ಹೆಸರು.

ಹೆಸರಿನ ಮೂಲ ಗ್ರೀಕ್ ಭಾಷೆಯಲ್ಲಿದೆ. ತ್ರಿವಳಿ ಸ್ಪರ್ಧೆಯೆಂದರೆ ನಮಗೆ ಸಾಕು. ಮೊದಲು ಈಜು, ಆಮೇಲೆ ಸೈಕಲ್ಲು, ಕಡೆಯಲ್ಲಿ ಓಟ. ಇದರಲ್ಲಿ ಹಲವು ಅಳತೆಗಳುಂಟು. ಹವಾಯಿ ದ್ವೀಪದ ಉಕ್ಕಿನ ಮನುಷ್ಯರ ಪಂದ್ಯವನ್ನು ಮುಗಿಸಲು ಒಳ್ಳೆಯ ಗಟ್ಟಿಗರಿಗೂ ಹಗಲೆಲ್ಲ ಬೇಕು. ಆದರೆ ಸಂಸಾರಸ್ಥರಿಗೆ ಒಗ್ಗುವುದು ಸ್ಪ್ರಿಂಟ್ ಎಂಬ ಮರಿ ಟ್ರಯತ್ಲಾನ್: ೭೫೦ ಮೀಟರು ಈಜು, ೨೦ ಕಿಲೋಮೀಟರು ಸೈಕಲ್ಲು, ೫ ಕಿಲೋಮೀಟರು ಓಟ. ಹೆಸರು ಕೇಳಿ ನೂರು ಗಜದ ಓಟದಂತೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುವುದೆಂದು ಭಾವಿಸಿದರೆ ಮೋಸಹೋದಂತೆ. ಜಗತ್ತಿನ ಅಗ್ರಗಣ್ಯರಿಗೇ ಇದಕ್ಕೆ ಸುಮಾರು ಒಂದು ಗಂಟೆ ಬೇಕು. ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು, ಉಳಿದ ಹೊತ್ತಿನಲ್ಲಿ ಅಭ್ಯಾಸ ಮಾಡಿದವರಿಗೆ ಒಂದೂವರೆಯಿಂದ ಎರಡು ಗಂಟೆ.

ಈ ಅಳತೆಗಳನ್ನು ಮೈಸೂರಿನ ನಕ್ಷೆಯ ಮೇಲಿಟ್ಟು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಐವತ್ತು ಮೀಟರಿನ ಕೊಳವಾದರೆ ೭೫೦ ಮೀಟರೆಂದರೆ ಹದಿನೈದು ಉದ್ದ. ಊರನ್ನು ಬಳಸಿ ಬರುವ ಹೊರವರ್ತುಲ ರಸ್ತೆ ನಲವತ್ತು ಕಿಲೋಮೀಟರಿಗೆ ಸ್ವಲ್ಪ ಮಿಕ್ಕಿದ್ದು. ಅದರ ಅರ್ಧವೇ ಸೈಕಲ್ಲಿನ ಪಾಲು. ಕುಕ್ಕರಹಳ್ಳಿ ಕೆರೆಯನ್ನು ಒಂದು ಸುತ್ತು ಬಳಸಿದರೆ ಹತ್ತಿರ ಹತ್ತಿರ ಐದು ಕಿಲೋಮೀಟರು; ಅದು ಓಟದ ಪಾಲು. ಬಲಿಯನ್ನು ಬೇಡಿದ ವಾಮನನಂತೆ ಮೂರೇ ಹೆಜ್ಜೆ. ಆ ಮೂರರಲ್ಲಿ ಈ ಊರಿನ ಜಲ, ಮಾರ್ಗ, ಉದ್ಯಾನಗಳೆಲ್ಲ ಅಡಗಿದಂತಾಯಿತು. ಎರಡು ಹೆಜ್ಜೆಗಳಿಗೆ ಊರು ಧಾರಾಳವಾಗಿ ನೆಲವನ್ನು ಕೊಟ್ಟಿದೆ. ತೊಡಕಿರುವುದು ಮೊದಲನೆಯ ಹೆಜ್ಜೆಯಲ್ಲಿ, ನೀರಿನಲ್ಲಿ.

ಈಜನ್ನು ಮೊದಲಿಗಿಟ್ಟದ್ದಕ್ಕೆ ಕಾರಣವುಂಟು. ಇಂದಿನ ರೂಪದ ಟ್ರಯತ್ಲಾನ್ ಹುಟ್ಟಿದ್ದು ಅಮೆರಿಕದ ಸ್ಯಾನ್ ಡಿಯೇಗೋ ನಗರದ ಮಿಷನ್ ಬೇ ಎಂಬಲ್ಲಿ, ೧೯೭೪ರ ಸೆಪ್ಟೆಂಬರ್ ೨೫ರ ಸಂಜೆ. ಜ್ಯಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶಾನಹಾನ್ ಎಂಬಿಬ್ಬರು ಓಟಗಾರರು, ದಿನವೂ ಅದೇ ಓಟವೆಂದು ಬೇಸತ್ತೋ ಏನೋ, ಈ ಕಲಸುಮೇಲೋಗರವನ್ನು ಏರ್ಪಡಿಸಿದರು. ಸೇರಿದವರು ೪೬ ಮಂದಿ. ಅಂದು ಈಜನ್ನು ಕೊನೆಗಿಟ್ಟಿದ್ದರು. ಹಿಂದುಳಿದವರು ನೀರಿಗಿಳಿಯುವಷ್ಟರಲ್ಲಿ ಕತ್ತಲಾಯಿತು. ದಡದಲ್ಲಿ ಕಾರುಗಳನ್ನು ನಿಲ್ಲಿಸಿ, ಅವುಗಳ ದೀಪವನ್ನು ನೀರಿನ ಮೇಲೆ ಹಾಯಿಸಿ, ಈಜುವವರಿಗೆ ದಾರಿ ತೋರಿಸಬೇಕಾಯಿತು. ಆ ದಿನ ಸ್ಪರ್ಧಿಸಿದವರಲ್ಲಿ ಜಾನ್ ಕಾಲಿನ್ಸ್ ಎಂಬ ನೌಕಾಧಿಕಾರಿಯೊಬ್ಬರಿದ್ದರು. ಹವಾಯಿಯಲ್ಲಿ ೧೯೭೮ರ ಫೆಬ್ರವರಿಯಲ್ಲಿ ಉಕ್ಕಿನ ಮನುಷ್ಯರ ಪಂದ್ಯವನ್ನು ಆರಂಭಿಸಿದವರು ಅವರೇ. ಅಲ್ಲಿ ಹೊರಟವರು ೧೫ ಮಂದಿ, ಮುಟ್ಟಿದವರು ೧೨. ಎರಡನೆಯವನಾಗಿ ಬಂದವನಿಗೆ ದಾರಿಯಲ್ಲಿ ನೀರು ಮುಗಿದುಹೋಗಿ, ಜೊತೆಗಾರರು ಬೀರ್ ಕುಡಿಸಿದರೆಂಬ ಕಥೆಯನ್ನು ಈ ಕ್ರೀಡೆಯ ಭಕ್ತರು ಇಂದಿಗೂ ಸ್ವಾರಸ್ಯವಾಗಿ ಹೇಳುತ್ತಾರೆ.

ಕತ್ತಲಿನ ಆ ಪಾಠವನ್ನು ಕ್ರೀಡೆ ಬೇಗನೆ ಕಲಿಯಿತು. ಸೋತ ಕಾಲು ಓಟದಲ್ಲಿ ಕೈಕೊಟ್ಟರೆ ಮನುಷ್ಯ ರಸ್ತೆಯ ಬದಿಯಲ್ಲಿ ಕೂರುತ್ತಾನೆ. ಸೈಕಲ್ಲಿನ ಮೇಲೆ ಕೈಕೊಟ್ಟರೆ ಬೀಳುತ್ತಾನೆ. ನೀರಿನಲ್ಲಿ ಕೈಕೊಟ್ಟರೆ ಏಳುವುದೇ ಇಲ್ಲ. ಆದುದರಿಂದ ದೇಹ ಹೊಸದಾಗಿರುವಾಗಲೇ ಹೆಚ್ಚಿನ ಗಂಡಾಂತರವನ್ನು ದಾಟಿಬಿಡಬೇಕು. ಹೀಗೆ ಈಜು, ಸೈಕಲ್ಲು, ಓಟ ಎಂಬ ಕ್ರಮವೇ ರೂಢಿಗೆ ಬಂದು, ೨೦೦೦ದಲ್ಲಿ ಸಿಡ್ನಿಯ ಒಲಿಂಪಿಕ್ಸಿಗೂ ಏರಿತು. ಅಲ್ಲಿ ಪುರುಷರ ಪಂದ್ಯದಲ್ಲಿ ಕೆನಡಾದ ಸೈಮನ್ ವಿಟ್‌ಫೀಲ್ಡ್ ಸೈಕಲ್ಲುಗಳ ಗುಂಪು ಅಪಘಾತದಲ್ಲಿ ಸಿಲುಕಿ, ಎದ್ದು, ಓಟದಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕಿ ಚಿನ್ನ ಗೆದ್ದರು. ಅದೇ ಸಿಡ್ನಿಯ ಕೊಳದಲ್ಲಿ ೨೦೦ ಮೀಟರು ಈಜಿದವರು ಬೆಂಗಳೂರಿನ ನಿಷಾ ಮಿಲೆಟ್. ಎಳವೆಯಲ್ಲಿ ನೀರಿನಲ್ಲಿ ಮುಳುಗಲಿದ್ದು ಪಾರಾದ ಹುಡುಗಿ ಆಕೆ ಎಂಬುದನ್ನು, ಮಕ್ಕಳನ್ನು ಕೊಳದ ಹತ್ತಿರವೂ ಸುಳಿಯಗೊಡದ ತಾಯಿತಂದೆಯರಿಗೆ ಒಮ್ಮೆ ಹೇಳಬೇಕು.

ಏಕೆಂದರೆ ನಮ್ಮಲ್ಲಿ ಟ್ರಯತ್ಲಾನಿಗೆ ಸೇರಲು ಹಿಂಜರಿಯುವವರು ಬಹುಮಟ್ಟಿಗೆ ಹಿಂಜರಿಯುವುದು ನೀರಿಗೇ. ಸೈಕಲ್ಲನ್ನು ಬಾಲ್ಯದಲ್ಲಿ ಎಲ್ಲರೂ ಕಲಿತಿರುತ್ತಾರೆ. ಓಟವನ್ನು ಯಾರೂ ಕಲಿಯಬೇಕಾಗಿಲ್ಲ. ಈಜು ಮಾತ್ರ ಕಲಿತವರದು. ಹಳ್ಳಿಯ ಹುಡುಗ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಧುಮುಕಿ ಕಲಿತದ್ದನ್ನು ನಗರದ ಹುಡುಗ ಮೂವತ್ತೈದನೆಯ ವಯಸ್ಸಿನಲ್ಲಿ ಶುಲ್ಕ ತೆತ್ತು ಕಲಿಯುತ್ತಾನೆ. ಸರಸ್ವತೀಪುರದಲ್ಲಿರುವ ವಿಶ್ವವಿದ್ಯಾನಿಲಯದ ಈಜುಕೊಳ ಇಂಥವರ ಪಾಠಶಾಲೆ. ಅಲ್ಲಿ ಮೊದಲ ವಾರ ನಡುವಯಸ್ಸಿನ ಗೃಹಸ್ಥರು ಕಂಬಿಯನ್ನು ಬಿಡದೆ ಕಾಲು ಬಡಿಯುವುದನ್ನೂ, ಪಕ್ಕದಲ್ಲಿ ಎಂಟು ವರ್ಷದ ಮಗು ಮೀನಿನಂತೆ ಸರಿದುಹೋಗುವುದನ್ನೂ ನೋಡಿದರೆ ನಗು ಬರುತ್ತದೆ, ನಗಬಾರದು. ನೀರಿನಲ್ಲಿ ಮುಖವಿಟ್ಟು ಉಸಿರನ್ನು ಹೊರಬಿಡುವುದು, ತಲೆಯನ್ನೆತ್ತದೆ ಪಕ್ಕಕ್ಕೆ ಹೊರಳಿಸಿ ಉಸಿರನ್ನು ಒಳಗೆಳೆಯುವುದು, ಈ ಒಂದು ಚಿಕ್ಕ ವಿದ್ಯೆ ವಶವಾಗಲು ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಅದು ವಶವಾದ ದಿನ ಹದಿನೈದು ಉದ್ದಗಳು ದೂರವೆನಿಸುವುದಿಲ್ಲ.

ಕೊಳದ ಈಜಿಗೂ ಕೆರೆಯ ಈಜಿಗೂ ಅಂತರ ಬಹಳ. ಕೊಳದ ತಳದಲ್ಲಿ ಕಪ್ಪು ಗೆರೆಯಿದೆ, ಐವತ್ತು ಮೀಟರಿಗೊಮ್ಮೆ ಗೋಡೆ ಸಿಗುತ್ತದೆ, ಬಳಲಿದರೆ ಹಿಡಿದುಕೊಳ್ಳಬಹುದು. ಬಯಲು ನೀರಿನಲ್ಲಿ ಗೆರೆಯೂ ಇಲ್ಲ, ಗೋಡೆಯೂ ಇಲ್ಲ. ದೂರದ ತೇಲುಗುಂಡನ್ನು ಆಗಾಗ ತಲೆಯೆತ್ತಿ ನೋಡಿಕೊಳ್ಳಬೇಕು, ಸುತ್ತ ಹತ್ತಾರು ಕೈಕಾಲುಗಳು ತಾಗುತ್ತವೆ. ಜಗತ್ತಿನ ದೊಡ್ಡ ಟ್ರಯತ್ಲಾನುಗಳು ಸಾಮಾನ್ಯವಾಗಿ ಸಮುದ್ರ, ಸರೋವರ, ನದಿಗಳಲ್ಲಿ ಈಜಿಸುತ್ತವೆ. ಕ್ರೀಡೆಯ ನಿಜವಾದ ಸ್ವಭಾವ ಅದು. ಮೈಸೂರಿನಲ್ಲಿ ಹಾಗೆ ಏಕೆ ಆಗಬಾರದು, ಊರ ತುಂಬ ಕೆರೆಗಳಿವೆಯಲ್ಲ ಎಂದು ಹೊರಗಿನವರು ಕೇಳುವುದು ಸಹಜ.

ಉತ್ತರಕ್ಕಾಗಿ ಊರಿನ ಆಟದ ಮೈದಾನಗಳ ಹೆಸರುಗಳನ್ನು ಓದಿದರೆ ಸಾಕು. ದಸರೆಯಲ್ಲಿ ಕುಸ್ತಿಯ ಅಖಾಡ ಸಜ್ಜಾಗುವ, ವಸ್ತುಪ್ರದರ್ಶನ ಮೆರೆಯುವ ಸ್ಥಳಕ್ಕೆ ದೊಡ್ಡಕೆರೆ ಮೈದಾನವೆಂದು ಹೆಸರು. ಜೆ.ಕೆ. ಮೈದಾನವೆಂದು ಎಲ್ಲರೂ ಹೇಳುವುದರ ಪೂರ್ಣ ಹೆಸರು ಜೀವಣ್ಣರಾಯನ ಕಟ್ಟೆ. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಸಭೆಗಳು ಸೇರುತ್ತಿದ್ದದ್ದು ಸುಬ್ಬರಾಯನಕೆರೆಯ ಬಯಲಿನಲ್ಲಿ. ಕೆರೆ, ಕಟ್ಟೆ, ಕೆರೆ! ಒಂದು ಕಾಲಕ್ಕೆ ನೀರು ನಿಂತಿದ್ದಲ್ಲೆಲ್ಲ ಇಂದು ಜನ ಓಡುತ್ತಾರೆ, ಚೆಂಡನ್ನೆಸೆಯುತ್ತಾರೆ, ಭಾಷಣ ಕೇಳುತ್ತಾರೆ. ಈ ಊರು ನೀರನ್ನು ಕಳೆದುಕೊಂಡು ಮೈದಾನಗಳನ್ನು ಗಳಿಸಿತು. ಅದನ್ನು ಸಂಪೂರ್ಣ ನಷ್ಟವೆನ್ನಲಾಗದು; ಮೈದಾನವೂ ಇಲ್ಲದೆ ಅಂಗಡಿಸಾಲುಗಳೇ ಎದ್ದ ಊರುಗಳೆಷ್ಟೋ ಇವೆ. ಆದರೂ ತ್ರಿವಳಿಯ ಲೆಕ್ಕದಲ್ಲಿ ಇದೊಂದು ವಿಚಿತ್ರವಾದ ಜಮಾಖರ್ಚು: ಮೂರನೆಯ ಹೆಜ್ಜೆಯ ನೆಲ ಬಂದದ್ದು ಮೊದಲನೆಯ ಹೆಜ್ಜೆಯ ನೀರಿನಿಂದ.

ಉಳಿದ ಕೆರೆಗಳಲ್ಲಿ ಕುಕ್ಕರಹಳ್ಳಿ ಕೆರೆ ಅತ್ಯಂತ ಪ್ರಿಯವಾದುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೬೪ರಲ್ಲಿ, ವ್ಯವಸಾಯಕ್ಕೆ ನೀರೊದಗಿಸಲೆಂದು ಕಟ್ಟಿಸಿದ ಕೆರೆ ಇದು. ಬಳಿಕ ಊರು ಬೆಳೆದು ಅದನ್ನು ತನ್ನ ಮಡಿಲಿಗೆ ಸೇರಿಸಿಕೊಂಡಿತು. ಕುವೆಂಪು ಅವರೂ ಆರ್. ಕೆ. ನಾರಾಯಣ್ ಅವರೂ ಇದರ ದಡದಲ್ಲಿ ವಿಹರಿಸುತ್ತಿದ್ದರು. ಪಕ್ಕದಲ್ಲಿಯೇ ೧೯೬೦ರಲ್ಲಿ ಮೈದಳೆದ ವಿಶ್ವವಿದ್ಯಾನಿಲಯದ ಆವರಣಕ್ಕೆ ಮಾನಸಗಂಗೋತ್ರಿಯೆಂದು ನಾಮಕರಣ ಮಾಡಿದವರೂ ಕುವೆಂಪು ಅವರೇ. ಹೆಜ್ಜಾರ್ಲೆ ಹಕ್ಕಿಗಳು ಇಲ್ಲಿಯ ನಿತ್ಯದ ಅತಿಥಿಗಳು. ಇಷ್ಟೆಲ್ಲ ವೈಭವವುಳ್ಳ ಈ ನೀರಿಗೆ ಸುತ್ತಣ ಬಡಾವಣೆಗಳ ಕೊಳಚೆ ಬಂದು ಸೇರಿದ ವರ್ಷಗಳೂ ಉಂಟು. ಕೆರೆಯನ್ನು ಉಳಿಸಬೇಕೆಂದು ನಾಗರಿಕರು ದನಿಯೆತ್ತಿದರು, ಕಾಮಗಾರಿಗಳು ನಡೆದವು, ಏರಿಯ ಮೇಲೆ ನೆರಳಿನ ಹಾದಿಯಾಯಿತು. ಹೀಗೆ ಕೆರೆ ಉಳಿಯಿತು, ಆದರೆ ನೋಡುವುದಕ್ಕೆ ಮಾತ್ರ. ಅದರ ಸುತ್ತ ಓಡಬಹುದು. ಒಳಗೆ ಈಜುವ ಮಾತಿಲ್ಲ.

ಇದು ಮೈಸೂರೊಂದರ ಕಥೆಯಲ್ಲವೆಂಬುದು ೨೦೨೪ರಲ್ಲಿ ಇಡೀ ಲೋಕಕ್ಕೆ ತಿಳಿಯಿತು. ಪ್ಯಾರಿಸ್ ಒಲಿಂಪಿಕ್ಸಿನ ಟ್ರಯತ್ಲಾನ್ ಈಜು ನಡೆಯಬೇಕಾಗಿದ್ದುದು ಸೆನ್ ನದಿಯಲ್ಲಿ. ಆ ನದಿಯಲ್ಲಿ ಸ್ನಾನವನ್ನು ೧೯೨೩ರಿಂದಲೇ ನಿಷೇಧಿಸಲಾಗಿತ್ತು. ಅದನ್ನು ಶುದ್ಧಗೊಳಿಸಲು ಫ್ರೆಂಚರು ಸುಮಾರು ೧೪೦ ಕೋಟಿ ಯೂರೋ ವೆಚ್ಚ ಮಾಡಿದರು. ಆದರೂ ಮಳೆ ಬಂದು ಕಲ್ಮಷವೇರಿ, ಜುಲೈ ೩೦ರಂದು ನಡೆಯಬೇಕಿದ್ದ ಪುರುಷರ ಪಂದ್ಯವನ್ನು ಮರುದಿನಕ್ಕೆ ತಳ್ಳಬೇಕಾಯಿತು. ಜಗತ್ತಿನ ಅತ್ಯುತ್ತಮ ಕ್ರೀಡಾಳುಗಳು ನೀರಿನ ಪರೀಕ್ಷೆಯ ಫಲಿತಾಂಶಕ್ಕಾಗಿ, ಪರೀಕ್ಷೆ ಬರೆದ ಮಕ್ಕಳಂತೆ, ಕಾದು ಕುಳಿತರು. ಮರುದಿನ ಪಂದ್ಯ ನಡೆಯಿತು. ಮುಂದಿನ ವರ್ಷದ ಜುಲೈಯಲ್ಲಿ ನದಿಯ ಗೊತ್ತಾದ ಕೆಲವು ತಾಣಗಳು ಸಾರ್ವಜನಿಕರಿಗೂ ತೆರೆದವು. ನೂರು ವರ್ಷಗಳ ಅನಂತರ ಪ್ಯಾರಿಸಿನ ಜನ ತಮ್ಮ ನದಿಗಿಳಿದದ್ದು ಒಂದು ಆಟದ ನೆಪದಿಂದ.

ಇರಲಿ, ಮೈಸೂರಿನ ಸ್ಪರ್ಧಿಯನ್ನು ಕೊಳದಿಂದ ಹೊರಗೆ ಕರೆತರೋಣ. ಈ ಆಟದಲ್ಲಿ ನಾಲ್ಕನೆಯದೊಂದು ಆಟ ಗುಪ್ತವಾಗಿ ಸೇರಿಕೊಂಡಿದೆ: ವೇಷ ಬದಲಾವಣೆ. ನೀರಿನಿಂದೆದ್ದವನು ಒದ್ದೆ ಮೈಯಲ್ಲಿಯೇ ಓಡುತ್ತ, ನೂರಾರು ಸೈಕಲ್ಲುಗಳನ್ನು ನೇತುಹಾಕಿದ ಅಂಗಳಕ್ಕೆ ಬರುತ್ತಾನೆ. ತನ್ನ ಸಂಖ್ಯೆಯ ತಾಣವನ್ನು ಹುಡುಕಬೇಕು. ಶಿರಸ್ತ್ರಾಣವನ್ನು ಧರಿಸಿ, ಗಲ್ಲದ ಕೆಳಗಣ ಪಟ್ಟಿಯನ್ನು ಬಿಗಿದ ಮೇಲೆಯೇ ಸೈಕಲ್ಲನ್ನು ಮುಟ್ಟಬೇಕು. ಮೊದಲೇ ಮುಟ್ಟಿದರೆ ದಂಡ. ಸೈಕಲ್ಲನ್ನು ತಳ್ಳಿಕೊಂಡೇ ನೆಲದ ಮೇಲಿನ ಗೆರೆಯವರೆಗೆ ಹೋಗಿ, ಗೆರೆ ದಾಟಿದ ಮೇಲೆ ಏರಬೇಕು. ಅಂಗಳದಲ್ಲಿ ಕಳೆದ ಪ್ರತಿಯೊಂದು ಕ್ಷಣವೂ ಒಟ್ಟು ಕಾಲಕ್ಕೆ ಸೇರುತ್ತದೆ. ಒದ್ದೆ ಕಾಲು ಕಾಲುಚೀಲದೊಳಗೆ ಹೋಗಲೊಲ್ಲದೆ ಹಟ ಹಿಡಿಯುವ ಆ ಗಳಿಗೆಯಲ್ಲಿ ಎಂಥ ಸ್ಥಿತಪ್ರಜ್ಞನ ತಾಳ್ಮೆಯೂ ಕೆಡುತ್ತದೆ. ಈಜಿನ ಟೋಪಿಯನ್ನು ತೆಗೆಯದೆ ಅದರ ಮೇಲೆಯೇ ಶಿರಸ್ತ್ರಾಣ ಧರಿಸಿ ಹೊರಟವರುಂಟು. ಸೈಕಲ್ಲನ್ನು ಇಳಿದ ಮೇಲೆ ಶಿರಸ್ತ್ರಾಣದೊಡನೆಯೇ ಓಟಕ್ಕೆ ಹೊರಟು, ನೋಡಲು ಬಂದ ಸ್ವಂತ ಮಕ್ಕಳಿಂದಲೇ ನಗೆಗೀಡಾದವರೂ ಉಂಟು.

ಸೈಕಲ್ಲಿನ ವಿಷಯದಲ್ಲಿ ಮೈಸೂರಿಗೆ ಹಳೆಯ ಸಲಿಗೆಯಿದೆ. ಅಧ್ಯಾಪಕರೂ ಗುಮಾಸ್ತರೂ ಸೈಕಲ್ಲಿನಲ್ಲಿಯೇ ಓಡಾಡಿದ ಊರು ಇದು. ೨೦೧೭ರಲ್ಲಿ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ಲುಗಳ ಯೋಜನೆ ಇಲ್ಲಿ ಆರಂಭವಾದದ್ದೂ ಆಕಸ್ಮಿಕವಲ್ಲ. ಅಭ್ಯಾಸಕ್ಕೆ ಚಾಮುಂಡಿಬೆಟ್ಟಕ್ಕಿಂತ ಒಳ್ಳೆಯ ಗುರುವಿಲ್ಲ. ಸಮುದ್ರಮಟ್ಟದಿಂದ ೩,೪೮೯ ಅಡಿ ಎತ್ತರದ ಈ ಬೆಟ್ಟಕ್ಕೆ ದೊಡ್ಡ ದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಸಾವಿರ ಮೆಟ್ಟಿಲುಗಳನ್ನು ಮಾಡಿಸಿದರು. ಅವು ಭಕ್ತರಿಗೂ ಓಟಗಾರರಿಗೂ ಸಮನಾಗಿ ಮೊಣಕಾಲಿನ ಪರೀಕ್ಷೆ. ಸೈಕಲ್ಲಿನವರದು ಬಳಸುದಾರಿ. ಅಂಕುಡೊಂಕಿನ ಏರಿನಲ್ಲಿ ನಗರ ಕೆಳಗೆ ಕಿರಿದಾಗುತ್ತ ಹೋಗುವುದನ್ನು ನೋಡಲು ಅವರಿಗೆ ಬಿಡುವಿರುವುದಿಲ್ಲ. ಕಣ್ಣು ಮುಂದಿನ ಚಕ್ರದ ಮೇಲೆ. ಈ ಬೆಟ್ಟದ ಮೈಯೂ ಕೋಮಲವಾದುದೇ: ೨೦೨೧ರ ಭಾರಿ ಮಳೆಯಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆಯ ಅಂಚು ಕುಸಿದು ಸಂಚಾರ ನಿಂತಿತ್ತು.

ಪಂದ್ಯದ ಸೈಕಲ್ ದಾರಿಯನ್ನು ಮಾತ್ರ ಬೆಟ್ಟದ ಇಳಿಜಾರಿನಲ್ಲಿ ಇಡುವುದು ಜಾಣತನವಲ್ಲ. ಮೊದಲ ಬಾರಿಗೆ ಬಂದವರು ನೂರಾರು ಮಂದಿಯಿರುವಾಗ ಸಮತಟ್ಟಾದ ಐದು ಕಿಲೋಮೀಟರಿನ ತುಂಡೊಂದನ್ನು ಆರಿಸಿ ನಾಲ್ಕು ಸುತ್ತು ಹಾಕಿಸುವುದೇ ಕ್ಷೇಮ. ಒಬ್ಬರ ಹಿಂದೊಬ್ಬರು ಅಂಟಿಕೊಂಡು ಗಾಳಿಯ ಮರೆಯಲ್ಲಿ ಸಾಗುವುದನ್ನು ಹವ್ಯಾಸಿಗಳ ಪಂದ್ಯಗಳಲ್ಲಿ ಸಾಮಾನ್ಯವಾಗಿ ನಿಷೇಧಿಸುತ್ತಾರೆ. ಬೆವರು ಅವರವರದೇ ಆಗಿರಬೇಕು, ಅಪಘಾತವೂ ಕಡಿಮೆಯಾಗಬೇಕು. ಆದರೆ ರಸ್ತೆ ಯಾರದು? ಹಾಲಿನ ವಾಹನ ಬರಬೇಕು, ನಂಜನಗೂಡಿನ ಬಸ್ಸು ಹೋಗಬೇಕು, ದನ ಅಡ್ಡ ಬರಬಾರದು, ಮದುವೆಗೆ ಹೊರಟವರ ಕಾರನ್ನು ವಿನಯದಿಂದ ತಡೆಯಬೇಕು. ಚೆನ್ನಾಗಿ ಏರ್ಪಾಟಾದ ಪಂದ್ಯಕ್ಕೂ ಉಳಿದವಕ್ಕೂ ಇರುವ ವ್ಯತ್ಯಾಸ ತಿಳಿಯುವುದು ಇಲ್ಲಿ. ಪದಕದ ಹೊಳಪಿನಿಂದಲ್ಲ, ಅಂಗಿಯ ಬಣ್ಣದಿಂದಲೂ ಅಲ್ಲ. ತಿರುವಿನಲ್ಲಿ ಬೆಳಗಿನ ಐದರಿಂದ ಬಾವುಟ ಹಿಡಿದು ನಿಂತ ಕಾಲೇಜು ಹುಡುಗಿಯಿಂದ. ಅವಳು ಎರಡು ಗಂಟೆಗಳ ಕಾಲ ಒಂದೇ ಮಾತನ್ನು ಹೇಳುತ್ತಾಳೆ: ಎಡಕ್ಕೆ, ಎಡಕ್ಕೆ. ಅವಳೊಬ್ಬಳು ಕಾಫಿಗೆಂದು ಹೋದರೆ ಮುಂದಾಳುಗಳು ನೇರವಾಗಿ ಟಿ. ನರಸೀಪುರ ಸೇರುತ್ತಾರೆ!

ಕೊಳದ ಪಕ್ಕದಲ್ಲಿ ಕಣ್ಣು ಮಿಟುಕಿಸದೆ ನಿಂತ ಜೀವರಕ್ಷಕ, ಉದ್ದಗಳನ್ನು ಎಣಿಸುವವರು, ಕಣಕಾಲಿಗೆ ಕಟ್ಟಿದ ಪುಟ್ಟ ಯಂತ್ರದಿಂದ ಕಾಲವನ್ನು ಹಿಡಿಯುವವರು, ನೀರಿನ ಲೋಟ ನೀಡುವವರು, ಆಂಬ್ಯುಲೆನ್ಸಿನಲ್ಲಿ ಕೆಲಸ ಬಾರದಿರಲೆಂದು ಹಾರೈಸುತ್ತ ಕುಳಿತ ವೈದ್ಯರು: ಇವರು ಯಾರೂ ಸ್ಪರ್ಧಿಗಳಲ್ಲ. ವಿಜಯದಶಮಿಯ ಜಟ್ಟಿಕಾಳಗವನ್ನೂ ದಸರೆಯ ಕುಸ್ತಿಯನ್ನೂ ತಲೆಮಾರುಗಳಿಂದ ನಡೆಸಿಕೊಂಡು ಬಂದ ಊರಿಗೆ ಈ ಶಿಸ್ತು ಹೊಸದಲ್ಲ. ಹೊಸದು ಒಂದೇ; ಗರಡಿಯ ಕಾಲದಲ್ಲಿ ಸಂಸಾರಸ್ಥರು ನೋಡುವವರಾಗಿದ್ದರು, ಇಲ್ಲಿ ಅವರೇ ಕಣಕ್ಕಿಳಿದಿದ್ದಾರೆ, ಹೆಂಗಸರೂ ಸೇರಿ.

ಸೈಕಲ್ಲನ್ನು ಇಳಿದು ಓಡತೊಡಗಿದವರ ನಡೆಯನ್ನು ನೋಡಬೇಕು. ಇಪ್ಪತ್ತು ಕಿಲೋಮೀಟರು ವೃತ್ತಾಕಾರವಾಗಿ ಸುತ್ತಿದ ಕಾಲುಗಳು ನೆಲದ ಲೆಕ್ಕವನ್ನೇ ಮರೆತಿರುತ್ತವೆ. ಕಾಲು ತನ್ನದಲ್ಲ, ಯಾರದನ್ನೋ ಎರವಲು ತಂದದ್ದು ಎನ್ನುವಂತೆ ಮೊದಲ ಅರ್ಧ ಮೈಲಿ ಕಳೆಯುತ್ತದೆ. ಅಭ್ಯಾಸದ ದಿನಗಳಲ್ಲಿ ಸೈಕಲ್ಲಿಳಿದ ಕೂಡಲೇ ಸ್ವಲ್ಪ ದೂರವಾದರೂ ಓಡಬೇಕೆಂದು ತಿಳಿದವರು ಹೇಳುವುದು ಇದಕ್ಕಾಗಿಯೇ. ಆಮೇಲೆ ನಿಧಾನವಾಗಿ ಹೆಜ್ಜೆ ಕೂಡಿಬರುತ್ತದೆ. ಕುಕ್ಕರಹಳ್ಳಿಯಂಥ ಏರಿಯ ಮೇಲೆ ಅಭ್ಯಾಸ ಮಾಡಿದವರಿಗೆ ಕೊನೆಯ ಹೆಜ್ಜೆ ಸುಲಭ: ಒಂದು ಸುತ್ತೆಂದರೆ ಎಷ್ಟೆಂದು ಕಾಲಿಗೇ ಗೊತ್ತು.

ಗೆದ್ದವರು ಮುಗಿಸಿ, ಬೆವರೊರೆಸಿ, ಇಡ್ಲಿಯ ಸಾಲಿನಲ್ಲಿ ನಿಂತು ಬಹಳ ಹೊತ್ತಾದ ಮೇಲೂ ಪಂದ್ಯ ಮುಗಿದಿರುವುದಿಲ್ಲ. ಕಡೆಯವರಿನ್ನೂ ದಾರಿಯಲ್ಲಿದ್ದಾರೆ. ಅವರ ಹಿಂದೆ, ಅವಸರಪಡಿಸದಷ್ಟು ದೂರದಲ್ಲಿ, ಸ್ವಯಂಸೇವಕನೊಬ್ಬನ ಸೈಕಲ್ಲು ಬರುತ್ತಿರುತ್ತದೆ. ಕೆಲವು ಕಡೆ ಈ ವೇಳೆಗೆ ಕಮಾನನ್ನು ಬಿಚ್ಚಿ, ಕುರ್ಚಿಗಳನ್ನು ಲಾರಿಗೇರಿಸುವುದುಂಟು. ಆರು ತಿಂಗಳು ನೀರಿಗೆ ಹೆದರಿ, ಹೆದರುತ್ತಲೇ ಕಲಿತು ಬಂದ ಮನುಷ್ಯನಿಗೆ ಅದಕ್ಕಿಂತ ಕ್ರೂರವಾದ ನೋಟವಿಲ್ಲ. ಒಳ್ಳೆಯ ಪಂದ್ಯದಲ್ಲಿ ಕಮಾನು ನಿಂತಿರುತ್ತದೆ, ಗಡಿಯಾರ ಓಡುತ್ತಿರುತ್ತದೆ, ಗಂಟಲು ಬಿದ್ದುಹೋದ ಘೋಷಕ ಕಡೆಯವರ ಹೆಸರನ್ನೂ ಮೊದಲಿಗನ ಹೆಸರಿನಷ್ಟೇ ಗಟ್ಟಿಯಾಗಿ ಕೂಗುತ್ತಾನೆ.

ಒಂಬತ್ತು ಗಂಟೆಗೆ ರಸ್ತೆ ಮತ್ತೆ ಬಸ್ಸುಗಳ ವಶವಾಗುತ್ತದೆ. ಕೊಳದಲ್ಲಿ ಹಗ್ಗಗಳನ್ನು ಬಿಚ್ಚಿ ಮಕ್ಕಳ ಪಾಠಕ್ಕೆ ಅಣಿಮಾಡುತ್ತಾರೆ. ಕಂಬಿ ಹಿಡಿದು ಕಾಲು ಬಡಿಯುವ ಹೊಸಬರ ಸಾಲಿನಲ್ಲಿ, ಬೆಳಗ್ಗೆ ನೋಡಲೆಂದು ಬಂದಿದ್ದ ಒಬ್ಬಿಬ್ಬರು ದೊಡ್ಡವರೂ ಹೆಸರು ಬರೆಸಲು ನಿಂತಿರುವುದುಂಟು. ಅತ್ತ ಕುಕ್ಕರಹಳ್ಳಿಯಲ್ಲಿ ಬಿಸಿಲೇರಿ, ನಡೆಯುವವರೆಲ್ಲ ಮನೆ ಸೇರಿದ ಮೇಲೆ, ಹೆಜ್ಜಾರ್ಲೆಗಳು ಯಾರ ಅಪ್ಪಣೆಯೂ ಇಲ್ಲದೆ ನೀರಿಗಿಳಿಯುತ್ತವೆ.